ಬೇಗೂರಿನ ದಾರಿ ಮತ್ತು ಮಂಡಳಿಯ ಕುರ್ಚಿ

ದೆಹಲಿಯ ಸಭೆಗೆ ಹೋಗುವ ದಿನ ನಾನು ಹುಣಸೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದೆ. ಬಿಳಿಕೆರೆ ದಾಟುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಬ್ಯಾಗಿನಲ್ಲಿ ಸಭೆಯ ಕಾಗದಗಳ ಜೊತೆ ಅವ್ವ ಕಟ್ಟಿಕೊಟ್ಟ ಕೋಡುಬಳೆಯ ಡಬ್ಬಿ. ಬೇಡ ಅಂದರೆ ಕೇಳುತ್ತಿರಲಿಲ್ಲ. "ಅಷ್ಟ್ ದೂರ ಬರೀ ಕೈಲಿ ಓದಾರಾ? ಆ ಜಡ್ಜಪ್ಪಂಗೆ ಕೊಡು, ತಿನ್ಲಿ" ಅನ್ನುತ್ತಿದ್ದಳು. ಜಡ್ಜಪ್ಪ ಅಂದರೆ ನಮ್ಮ ಮಂಡಳಿಯ ಅಧ್ಯಕ್ಷರು, ಉತ್ತರದ ಕಡೆಯ ನಿವೃತ್ತ ನ್ಯಾಯಾಧೀಶರು. ಸಭೆ ಶುರುವಾಗುವ ಮುಂಚೆ ಅವರು ನನ್ನ ಬ್ಯಾಗಿನ ಕಡೆ ಒಂದು ಸಲ ನೋಡುತ್ತಿದ್ದರು, ನಾನು ಡಬ್ಬಿ ತೆಗೆದು ಮೇಜಿನ ಮೇಲೆ ಇಡುತ್ತಿದ್ದೆ. ಆ ಮೇಜು, ಕಿಟಕಿಯಾಚೆಯ ಬೇವಿನ ಮರಗಳು, ಚಳಿಗಾಲದ ಬೆಳಿಗ್ಗೆ ಗಾಜಿನ ಲೋಟದಲ್ಲಿ ಬರುತ್ತಿದ್ದ ಶುಂಠಿ ಚಹಾ ಈಗಲೂ ಒಮ್ಮೊಮ್ಮೆ ಕಾಲೇಜು ಮೈದಾನದಲ್ಲಿ ನಿಂತಿರುವಾಗ ನೆನಪಾಗುತ್ತವೆ.

ಕ್ರೀಡಾಪಟುಗಳು ಉದ್ದೀಪನ ಮದ್ದು ತೆಗೆದುಕೊಳ್ಳದಂತೆ ನೋಡಿಕೊಳ್ಳುವ ಸಂಸ್ಥೆ ದೇಶಕ್ಕೆ ಒಂದಿದೆ. ಮೂತ್ರದ ಮಾದರಿ ತೆಗೆಯುವವರು ಬೇರೆ, ತಪ್ಪು ಮಾಡಿದವರ ವಿಚಾರಣೆ ನಡೆಸುವವರು ಬೇರೆ. ಇವರೆಲ್ಲರ ಕೆಲಸ ನೆಟ್ಟಗೆ ನಡೆಯುತ್ತಿದೆಯೋ ಇಲ್ಲವೋ ಎಂದು ಮೇಲಿನಿಂದ ನೋಡುವುದು ಮಂಡಳಿ. ಅದರಲ್ಲಿ ಒಬ್ಬರು ವೈದ್ಯರು, ಒಬ್ಬರು ಸರ್ಕಾರದ ಅಧಿಕಾರಿ, ಒಬ್ಬರು ಹಳೆಯ ಹಾಕಿ ಆಟಗಾರ, ಜೊತೆಗೆ ನಾನು. ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ರೈತನ ಮಗಳು, ಒಂದು ಕಾಲದ ಸಾವಿರದೈನೂರು ಮೀಟರ್ ಓಟಗಾರ್ತಿ, ಹುಣಸೂರಿನ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಕ್ರೀಡಾಪಟುಗಳ ಪರವಾಗಿ ಒಬ್ಬರು ಇರಲಿ ಎಂದು ನನ್ನನ್ನು ತೆಗೆದುಕೊಂಡಿದ್ದರು.

ಆ ಕುರ್ಚಿಯಲ್ಲಿ ಕೂತು ನಾನು ಮುಖ್ಯವಾಗಿ ಕೇಳಿದ್ದು ಒಂದೇ ವಿಷಯ. ದೊಡ್ಡ ಮಟ್ಟದ ಕ್ರೀಡಾಪಟುಗಳು ತಾವು ಪ್ರತಿದಿನ ಎಲ್ಲಿರುತ್ತೇವೆ ಎಂದು ಮೊಬೈಲಿನ ಆ್ಯಪಿನಲ್ಲಿ ಮೊದಲೇ ಬರೆದಿಡಬೇಕು. ದಿನದಲ್ಲಿ ಒಂದು ಗಂಟೆ ಕಾಲ ಇಂಥ ಜಾಗದಲ್ಲೇ ಇರುತ್ತೇನೆ ಎಂದು ಮಾತು ಕೊಡಬೇಕು. ಆ ಗಂಟೆಯಲ್ಲಿ ಅಧಿಕಾರಿ ಹೇಳದೆ ಕೇಳದೆ ಬಂದು ಮಾದರಿ ಕೇಳಬಹುದು. ಸಿಗದಿದ್ದರೆ, ಅಥವಾ ಬರೆದ ವಿಳಾಸ ಸಾಲದಿದ್ದರೆ, ಅದೊಂದು ತಪ್ಪು. ಒಂದು ವರ್ಷದೊಳಗೆ ಅಂಥ ಮೂರು ತಪ್ಪಾದರೆ, ಮದ್ದು ಮುಟ್ಟದವರೂ ಮದ್ದು ತಿಂದವರ ಸಾಲಿನಲ್ಲೇ ನಿಲ್ಲಬೇಕು. ಎರಡು ವರ್ಷದವರೆಗೆ ಓಡುವ ಹಾಗಿಲ್ಲ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಮದ್ದು ತಿಂದವರ ಹಿಂದೆ ಓಡಿ ನಾಲ್ಕನೆಯವಳಾಗಿ ಬಂದ ದುಃಖ ನನಗೆ ಗೊತ್ತು. ಆದರೆ ಆ ಆ್ಯಪು ಇಂಗ್ಲಿಷಿನಲ್ಲಿತ್ತು. ನಮ್ಮ ಮಕ್ಕಳು ತಮ್ಮ ಭಾಷೆಯಲ್ಲಿ ತುಂಬುವ ಹಾಗಾಗಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೆ. ಎಲ್ಲರೂ ಒಳ್ಳೆಯ ವಿಚಾರ ಅನ್ನುತ್ತಿದ್ದರು, ಮುಂದಿನ ಸಭೆಗೆ ಇಡುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ನನ್ನ ಮನೆಯ ಬಾಗಿಲಿಗೆ ಅಪ್ಪ ಮಗಳು ಬಂದರು.

ಹುಡುಗಿ ನನ್ನ ಶಿಷ್ಯೆ. ಹೆಗ್ಗಡದೇವನಕೋಟೆಯ ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿದ್ದವಳು. ಎನ್. ಬೇಗೂರಿನಿಂದಾಚೆ, ಕಾಡಿನ ಅಂಚಿನ ಒಂದು ಹಾಡಿ ಅವಳ ಊರು. ಅಪ್ಪ ಕೂಲಿ ಮಾಡುತ್ತಾನೆ, ಸ್ವಲ್ಪ ರಾಗಿ ಬೆಳೆಯುತ್ತಾನೆ, ಜೇನಿನ ಕಾಲಕ್ಕೆ ಕಾಡಿಗೆ ಹೋಗುತ್ತಾನೆ. ಅವಳನ್ನು ಹುಣಸೂರಿನ ಹಾಸ್ಟೆಲಿನಲ್ಲಿ ಇರಿಸಿ ಪಿಯುಸಿ ಮುಗಿಯುವವರೆಗೆ ನಾನೇ ಓಡಿಸಿದೆ. ರಜೆಗೆ ಮೊದಲ ಸಲ ಊರಿಗೆ ಕಳಿಸುವಾಗ ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿ ಹೊಲಗಳು. ಟೀ ಅಂಗಡಿಯಲ್ಲಿ ಮಲಯಾಳ ಕೇಳಿ ಅವಳು ನಗುತ್ತಾ ಅದರಲ್ಲೇ ಎರಡು ಬನ್ನು ಕೇಳಿ ತಂದಿದ್ದಳು. ಆಮೇಲೆ ಅವಳು ಬೆಂಗಳೂರಿನ ತರಬೇತಿ ಶಿಬಿರಕ್ಕೆ ಹೋದಳು, ರಾಷ್ಟ್ರಮಟ್ಟದಲ್ಲಿ ಹೆಸರಾಯಿತು, ಪರೀಕ್ಷೆಯ ಪಟ್ಟಿಗೂ ಸೇರಿದಳು. ಅಷ್ಟರಲ್ಲಿ ನಾನು ಮಂಡಳಿಗೆ ಬಂದಿದ್ದರಿಂದ, ಹಬ್ಬಕ್ಕೆ ಫೋನು ಮಾಡಿದರೆ ಓಟದ ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆವು.

ಅವತ್ತು ಅವಳು ಒಳಗೆ ಬಂದವಳೇ ಗೋಡೆಗೊರಗಿ ನೆಲದ ಮೇಲೆ ಕೂತಳು. ಅವಳ ಅಪ್ಪ ನಿಂತೇ ಇದ್ದ.

"ಮೇಡಮ್ಮೋರೆ, ಇವ್ಳು ಏನ್ ತಿಂದವ್ಳೆ ಅಂತ ಕೇಳ್ತಾವ್ರೆ. ಏನ್ ತಿಂದವ್ಳೆ? ಮುದ್ದೆ ತಿಂದವ್ಳೆ, ಸೊಪ್ಪು ತಿಂದವ್ಳೆ. ಇನ್ನೇನೈತೆ ನಮ್ಮಟ್ಟೀಲಿ?"

"ಯಾರು ಕೇಳಿದ್ರು?"

"ಊರೋರೇ ಕಣವ್ವ. ಡೆಲ್ಲಿಯಿಂದ ಕಾಗ್ಜ ಬಂದೈತೆ. ಮೂರ್ನೇದು ಅಂತೆ."

ಹುಡುಗಿ ತಲೆ ಎತ್ತದೆ ಹೇಳಿದಳು. ಮೊದಲನೆಯದು ಅಮ್ಮನಿಗೆ ಜ್ವರ ಜಾಸ್ತಿಯಾಗಿ ಶಿಬಿರದಿಂದ ಇದ್ದಕ್ಕಿದ್ದಂತೆ ಊರಿಗೆ ಬಂದಾಗ ಆದದ್ದು. ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲ, ಆ್ಯಪಿನಲ್ಲಿ ಬದಲಾಯಿಸಲಾಗಲಿಲ್ಲ. ಎರಡನೆಯದು ವಿಳಾಸ ಸಾಲದು ಎಂದು ಬಂದದ್ದು. ಹಾಡಿಯ ಮನೆಗಳಿಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ಅದಾದ ಮೇಲೆ ರಜೆಗೆ ಊರಿಗೆ ಹೊರಡುವ ಮುಂಚೆಯೇ ಅವಳು ಜಾಗ್ರತೆಯಿಂದ ದಾರಿಯ ಗುರುತು ಬರೆದಿದ್ದಳು. ಬೆಳಿಗ್ಗೆ ಐದರಿಂದ ಆರರವರೆಗೆ ಮನೆಯಲ್ಲೇ ಇರುತ್ತೇನೆ ಎಂದು ಕೊಟ್ಟಿದ್ದಳು, ಹಾಗೇ ಇದ್ದಳು. ಆದರೂ ಬಂದ ಅಧಿಕಾರಿಗೆ ಸಿಗಲಿಲ್ಲ ಎಂದು ಕಾಗದ.

"ದಾರಿ ಹೆಂಗೆ ಬರೆದಿದ್ದೆ ಮಗಾ?"

"ಕನ್ನಡದಾಗೆ ಬರ್ದೆ ಮಿಸ್. ಫಾರೆಸ್ಟ್ ಗೇಟಿನ ಕಡಿಂದ ಬರಬ್ಯಾಡಿ, ಅದು ಆರ್ ಗಂಟೆಗಂಟ ತಗ್ಯಾಕಿಲ್ಲ. ಸ್ಕೂಲ್ ಪಕ್ಕದ ರೋಡಲ್ಲಿ ಬನ್ನಿ ಅಂತ. ಇಂಗ್ಲಿಷಲ್ಲಿ ತಪ್ಪಾಗ್ಬುಟ್ರೆ ಅಂತ ಕನ್ನಡದಾಗೇ ಬರ್ದೆ."

ನನಗೆ ಏನಾಗಿದೆ ಎಂದು ಆಗಲೇ ಗೊತ್ತಾಯಿತು. ಫೋನಿನ ನಕ್ಷೆ ಹಾಡಿಗೆ ಕಾಡಿನ ದಾರಿಯನ್ನೇ ತೋರಿಸುತ್ತದೆ. ಆ ದಾರಿಗೆ ಅರಣ್ಯ ಇಲಾಖೆಯ ಗೇಟು ಇದೆ, ಕತ್ತಲಿರುವಾಗ ಯಾರನ್ನೂ ಬಿಡುವುದಿಲ್ಲ. ಊರವರು ಓಡಾಡುವುದು ಶಾಲೆಯ ಪಕ್ಕದ ಬಳಸು ದಾರಿಯಲ್ಲಿ. ಬಂದವರಿಗೆ ಕನ್ನಡ ಓದಲು ಬಂದಿಲ್ಲ.

"ನೀವೊಂದ್ ಮಾತು ಏಳಿ ಮೇಡಮ್ಮೋರೆ," ಎಂದ ಅವಳ ಅಪ್ಪ. "ನೀವೇ ಅಲ್ವಾ ಅವ್ರಿಗೆಲ್ಲ ದೊಡ್ಡೋರು?"

ನಾನು ಆ ಮಾತು ಹೇಳುವ ಹಾಗಿರಲಿಲ್ಲ. ಮಂಡಳಿಯವರು ಯಾವ ಒಬ್ಬ ಕ್ರೀಡಾಪಟುವಿನ ವಿಷಯದಲ್ಲೂ ಬಾಯಿ ಹಾಕಬಾರದು. ಇವತ್ತು ಒಳ್ಳೆಯ ಹುಡುಗಿಗೆ ಹೇಳಿದರೆ ನಾಳೆ ಇನ್ನೊಬ್ಬರು ಮದ್ದು ತಿಂದವನಿಗೂ ಹೇಳುತ್ತಾರೆ. ಇದನ್ನು ಅವನಿಗೆ ಬಿಡಿಸಿ ಹೇಳಲು ನೋಡಿದೆ. ಅವನು ಕೇಳಿಸಿಕೊಂಡು, "ಅಂಗಾರೆ ಬುಡಿ" ಎಂದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಕಾಫಿ ಕುಡಿಯಲಿಲ್ಲ. ಶಿಬಿರದ ಕೋಚ್ ಸಹಾಯ ಮಾಡುತ್ತಾರಾ ಎಂದು ಹುಡುಗಿಯನ್ನು ಕೇಳಿದೆ. "ನಂಗೆ ಬೇರೆ ಮಕ್ಳೂ ಅವ್ರೆ, ನಾನ್ ಎದ್ರು ನಿಲ್ಲಾಕಾಗಲ್ಲ ಅಂದ್ರು ಮಿಸ್" ಎಂದಳು. ವಕೀಲರನ್ನು ಹಿಡಿಯಿರಿ ಎಂದು ಹುಣಸೂರಿನ ಒಬ್ಬರ ಹೆಸರು ಹೇಳಿ ಕಳಿಸಿದೆ. ಆ ವಕೀಲರು ಜಮೀನಿನ ಕೇಸು ಬಿಟ್ಟು ಬೇರೆ ಮುಟ್ಟುವವರಲ್ಲ, ಅದು ನನಗೂ ಗೊತ್ತಿತ್ತು.

ಅವರು ಹೋದ ಮೇಲೆ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಆ ಮಗೀನ ಅಂಗೇ ಕಳುಸ್ಬುಟ್ಟಲ್ಲಾ."

"ನಿಯಮ ಅವ್ವಾ."

"ನಿಯಮ ಸರಿ ಕಣವ್ವ. ಅವ್ಳ ಪಕ್ಕದಾಗೆ ಕೂತ್ಕೊಳೋರು ಯಾರು ಮತ್ತೆ?"



ಮುಂದಿನ ಸಭೆಯ ಕಾಗದಗಳು ಬರುವ ಮೊದಲೇ ಅಧ್ಯಕ್ಷರಿಗೆ ಫೋನು ಮಾಡಿ, ನನ್ನ ಹಳೆಯ ಶಿಷ್ಯೆಯ ಒಂದು ಪ್ರಕರಣ ವಿಚಾರಣೆಗೆ ಬರುತ್ತಿದೆ, ಅದಕ್ಕೆ ಸಂಬಂಧಪಟ್ಟ ಯಾವ ಕಾಗದವನ್ನೂ ನನಗೆ ಕಳಿಸಬೇಡಿ ಎಂದು ಹೇಳಿದೆ. ಅವರು ಒಳ್ಳೆಯದಾಯಿತು, ಮೊದಲೇ ಹೇಳಿದಿರಿ ಎಂದರು. ಸಭೆಯ ದಿನ ಎಂದಿನಂತೆ ಶುರುವಿನಲ್ಲೇ, ಇವತ್ತಿನ ವಿಷಯಗಳಲ್ಲಿ ಯಾರಿಗಾದರೂ ಸ್ವಂತ ಸಂಬಂಧವಿದೆಯೇ ಎಂದು ಕೇಳಿದರು. ನಾನು ಕೈ ಎತ್ತಿದೆ. ಪ್ರಕರಣದ ಬಗ್ಗೆ ಹೇಳಿದೆ.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೆತ್ತಗೆ ಕೇಳಿದರು. "ಆ ಪ್ರಕರಣದಲ್ಲಿ ಭಾಷೆಯ ಪ್ರಶ್ನೆ ಇದೆಯೇ?"

"ಇದೆ ಸರ್."

"ಹಾಗಾದರೆ ಭಾಷೆಯ ವಿಷಯ ಚರ್ಚೆಗೆ ಬಂದಾಗ ನೀವು ಹೊರಗೆ ಕೂರಬೇಕಾಗುತ್ತದೆ."

ಅದು ನನ್ನದೇ ವಿಷಯ. ಅಷ್ಟು ಸಭೆಗಳಿಂದ ನಾನೇ ಹೊತ್ತುಕೊಂಡು ತಿರುಗಿದ್ದು. ಹಾಕಿ ಆಟಗಾರರು ಏನೋ ಹೇಳಲು ಹೋದರು, ಅಧ್ಯಕ್ಷರು ಕೈ ಅಡ್ಡ ಹಿಡಿದರು. ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಎದ್ದು ಹೊರಗೆ ಬಂದೆ.

ಕಾರಿಡಾರಿನಲ್ಲಿ ಒಂದು ಬೆಂಚು. ಬಾಗಿಲ ಆಚೆಯಿಂದ ಮಾತು ಕೇಳುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಅಲ್ಲಿ ಕೂತಿದ್ದಾಗ ಯಾಕೋ ಚಿಕ್ಕಂದಿನ ದಿನಗಳು ನೆನಪಾದವು. ಕಟ್ಟೆಮಳಲವಾಡಿಯ ನಾಲೆಯ ಏರಿಯ ಮೇಲೆ ಓಡುವಾಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಂದ ಬರುತ್ತಿದ್ದ ಬಿಸಿ, ಆ ಸಿಹಿ ಘಾಟು. ನನ್ನ ಗುರುಗಳು ಹೈಸ್ಕೂಲಿನ ಪಿಟಿ ಮೇಷ್ಟ್ರು. ನನ್ನ ಮೊದಲ ರಾಜ್ಯಮಟ್ಟದ ಓಟದಲ್ಲಿ ನಾನು ಗೆರೆ ತುಳಿದೆ ಎಂದು ಯಾರೋ ತಕರಾರು ತೆಗೆದಾಗ, ಅವರು ಮಧ್ಯಾಹ್ನದ ಊಟ ಬಿಟ್ಟು ತೀರ್ಪುಗಾರರ ಟೆಂಟಿನ ಮುಂದೆ ನನ್ನ ಪಕ್ಕದಲ್ಲಿ ನಿಂತಿದ್ದರು. ವಾದ ಏನೂ ಮಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವಾಗ ನಾನು ತಡವರಿಸಿದರೆ, "ನಿಧಾನಕ್ಕೆ ಏಳವ್ವ" ಅನ್ನುತ್ತಿದ್ದರು, ಅಷ್ಟೇ. ಅವರು ಹೋಗಿ ಎಷ್ಟೋ ಕಾಲವಾಯಿತು. ನಾನು ಕಲಿತದ್ದೆಲ್ಲ ಅಂಥ ಮೈದಾನಗಳಲ್ಲಿ, ಆದರೆ ಈಗ ಕೂತಿದ್ದದ್ದು ಬಾಗಿಲಿನ ಹೊರಗೆ.

ಒಳಗೆ ಕರೆದಾಗ ತಿಳಿಯಿತು: ವಿಷಯವನ್ನು ಮತ್ತೆ ಮುಂದಿನ ಸಭೆಗೆ ಇಟ್ಟಿದ್ದರು.

ಸಭೆ ಮುಗಿದ ಮೇಲೆ ಅಧ್ಯಕ್ಷರ ಕೋಣೆಗೆ ಹೋಗಿ ರಾಜೀನಾಮೆ ಕೊಡುತ್ತೇನೆ ಎಂದೆ.

"ಆ ಹುಡುಗಿಗಾಗಿಯೇ?"

"ಅವಳ ಪಕ್ಕದಲ್ಲಿ ಕೂರುವವರು ಯಾರೂ ಇಲ್ಲ ಸರ್. ಅವಳು ಹೇಳುವುದನ್ನು ತಿಳಿದವರು, ಈ ನಿಯಮವನ್ನೂ ತಿಳಿದವರು ಬೇಕು. ಮಂಡಳಿಯಲ್ಲಿದ್ದುಕೊಂಡು ಅದನ್ನು ನಾನು ಮಾಡುವ ಹಾಗಿಲ್ಲ."

"ಯೋಚಿಸಿ. ಇಲ್ಲಿದ್ದರೆ ಮುಂದೆ ಒಂದು ದಿನ ಭಾಷೆಯ ವಿಷಯ ಪಾಸು ಮಾಡಿಸಬಹುದು. ಎಷ್ಟೋ ಮಕ್ಕಳಿಗೆ ಅನುಕೂಲ. ಅಲ್ಲಿ ಒಬ್ಬಳಿಗೆ ಮಾತ್ರ."

ಇದೇ ಪ್ರಶ್ನೆಯನ್ನು ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ನನಗೇ ಕೇಳಿಕೊಂಡಿದ್ದೆ. "ಭಾಷೆಯ ಮಾತು ಎತ್ತಲು ಬೇರೆ ಯಾರಾದರೂ ಬರಬಹುದು ಸರ್. ಅವಳ ವಿಚಾರಣೆಗೆ ಬೇರೆ ಯಾರೂ ಬರುವುದಿಲ್ಲ" ಎಂದೆ. ಅವರು ಮತ್ತೆ ಒತ್ತಾಯಿಸಲಿಲ್ಲ. ವಿಚಾರಣೆ ನಡೆಸುವವರಿಗೆ ನೀವು ಮಂಡಳಿಯಲ್ಲಿದ್ದದ್ದನ್ನು ಮೊದಲೇ ತಿಳಿಸಿ, ಇದು ಮುಗಿಯುವವರೆಗೆ ನಾವಿಬ್ಬರೂ ಮಾತಾಡುವುದು ಬೇಡ ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಬಸ್ಸಿನಲ್ಲಿ ಹುಣಸೂರಿಗೆ ಬರುವಾಗ ಅಳು ಬಂತು. ನಾನು ಮಂಡಳಿಗೆ ಸೇರಿದಾಗ ಊರಿನಲ್ಲಿ ನನ್ನ ಫೋಟೋ ಹಾಕಿ ಬ್ಯಾನರ್ ಕಟ್ಟಿಸಿದ್ದರು, ಅದಿನ್ನೂ ಪಂಚಾಯ್ತಿ ಕಚೇರಿಯ ಮುಂದೆ ಬಿಸಿಲಿಗೆ ಮಾಸುತ್ತಾ ನೇತಾಡುತ್ತಿತ್ತು.

ಮುಂದಿನ ವಾರಗಳೇ ಕೆಲಸದ ವಾರಗಳು. ಮೊದಲು ದಾರಿ. ಹುಡುಗಿಯ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಎನ್. ಬೇಗೂರಿನಿಂದ ಹಾಡಿಯ ಬಾಗಿಲವರೆಗೆ ಫೋನಿನಲ್ಲಿ ವಿಡಿಯೋ ತೆಗೆಸಿದೆ. ಶಾಲೆ, ನೀರಿನ ಟ್ಯಾಂಕು, ಹುರುಳಿ ಹೊಲ, ಆನೆ ಬರದಂತೆ ತೋಡಿದ ಕಂದಕ, ಅದರ ಮೇಲಿನ ಮಣ್ಣಿನ ದಾರಿ, ಅವಳ ಮನೆ. ಎಲ್ಲೂ ಗೇಟಿಲ್ಲ, ಜೀಪು ಬರುವಷ್ಟು ಅಗಲವಿದೆ. ಆಮೇಲೆ ಕಾಡಿನ ಕಡೆಯಿಂದ ಹೋಗಿ ಗೇಟಿನ ವಿಡಿಯೋವನ್ನೂ ತೆಗೆಸಿದೆ. ಫೋನು ಹಿಡಿಯುತ್ತಾ ಅವನು, "ಯಂಗ್ ಇಡ್ಕೋಬೇಕು, ನೆಟ್ಟಗಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. ಮನೆಗೆ ಬಂದು ನೋಡಿದರೆ ಅರ್ಧ ವಿಡಿಯೋದಲ್ಲಿ ನನ್ನ ಬೆನ್ನು ಮಾತ್ರ ಇತ್ತು. ಮತ್ತೆ ಹೋದೆವು.

ನಿಯಮದ ಪುಸ್ತಕವನ್ನು ಮಂಡಳಿಯಲ್ಲಿದ್ದಾಗ ಮೇಲಿನಿಂದ ಓದಿದ್ದೆ, ಈಗ ಕೆಳಗಿನಿಂದ ಓದಬೇಕಾಯಿತು. ಅದರಲ್ಲಿ ಎರಡೂ ಕಡೆಗೆ ಆಗುವಂಥದ್ದಿತ್ತು. ಅಧಿಕಾರಿ ಒಳಗೆ ಬರಲಾಗದ ಜಾಗವನ್ನು ಕೊಟ್ಟರೆ ತಪ್ಪು ಕ್ರೀಡಾಪಟುವಿನದೇ. ಆದರೆ ಅಧಿಕಾರಿಯೂ ಹುಡುಕಲು ತಕ್ಕ ಪ್ರಯತ್ನ ಮಾಡಿರಬೇಕು. ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಎಲ್ಲೂ ಇರಲಿಲ್ಲ. ಹುಡುಗಿ ನನ್ನ ಮನೆಯಲ್ಲೇ ಇದ್ದು ಬೆಳಿಗ್ಗೆ ಓಡುತ್ತಿದ್ದಳು, ಮಧ್ಯಾಹ್ನ ನಾವಿಬ್ಬರೂ ಊಟದ ಮೇಜಿನ ಮೇಲೆ ಇದನ್ನೆಲ್ಲ ಹರಡಿಕೊಂಡು ಕೂರುತ್ತಿದ್ದೆವು. ಈಗ ಯೋಚಿಸಿದರೆ ಅವು ಒಳ್ಳೆಯ ದಿನಗಳು. ಅವ್ವನಿಗೆ ಅವಳ ಮೇಲೆ ಅಕ್ಕರೆ. ತಾನು ಸೊಪ್ಪು ಬಿಡಿಸುತ್ತಾ ಅವಳಿಂದ ಕಾಡಿನ ಗೆಣಸಿನ ಕಥೆ ಕೇಳುತ್ತಿದ್ದಳು.

ವಿಚಾರಣೆ ವಿಡಿಯೋ ಮೂಲಕ. ಪ್ರಿನ್ಸಿಪಾಲರು ಕಾಲೇಜಿನ ಕಂಪ್ಯೂಟರ್ ಕೋಣೆ ಬಿಟ್ಟುಕೊಟ್ಟರು. ಪರದೆಯ ಮೇಲೆ ಮೂವರು ವಿಚಾರಣಾ ಸದಸ್ಯರು, ಅವರಲ್ಲಿ ಮುಖ್ಯರು ಒಬ್ಬ ಹಿರಿಯ ಮಹಿಳಾ ವಕೀಲರು. ಜೊತೆಗೆ ಸಂಸ್ಥೆಯ ವಕೀಲ, ಹಾಡಿ ಹುಡುಕಿ ಬಂದಿದ್ದ ಮಹಿಳಾ ಅಧಿಕಾರಿ, ಬೆಂಗಳೂರಿನ ಒಬ್ಬ ದುಭಾಷಿ. ಸಂಸ್ಥೆಯ ವಕೀಲ ಮೊದಲ ಮಾತಿಗೇ ತಕರಾರು ತೆಗೆದ: ನೆನ್ನೆಯವರೆಗೆ ಮಂಡಳಿಯಲ್ಲಿದ್ದವರು ಇವತ್ತು ಎದುರು ಪಕ್ಷದಲ್ಲಿ ಕೂರುವುದು ಸರಿಯಲ್ಲ. ಪ್ರಕರಣದ ಕಾಗದ ಮಂಡಳಿಯಲ್ಲಿ ನೋಡಿದ್ದೀರಾ ಎಂದು ಮುಖ್ಯರು ಕೇಳಿದರು. ಇಲ್ಲ, ಭಾಷೆಯ ವಿಷಯ ಚರ್ಚೆಗೆ ಬಂದಾಗಲೂ ಹೊರಗಿದ್ದೆ ಎಂದೆ. ಮೂವರೂ ಮೈಕು ಮುಚ್ಚಿಕೊಂಡು ಮಾತಾಡಿದರು. ಹುಡುಗಿ ಮೇಜಿನ ಕೆಳಗೆ ನನ್ನ ಸೀರೆಯ ಅಂಚು ಹಿಡಿದುಕೊಂಡಿದ್ದಳು. ಕೊನೆಗೆ, ಕೂರಬಹುದು, ಮಂಡಳಿಯ ಮಾತು ಎತ್ತಬಾರದು ಎಂದರು.

ಹುಡುಗಿ ಶುರುಮಾಡಿದಳು. "ಆ ಗೇಟು ಆರ್ ಗಂಟೆಗಂಟ ತಗ್ಯಾಕಿಲ್ಲ. ನಮ್ಮೋರ್ ಯಾರೂ ಆ ಕಡಿಕೆ ಓಗಕ್ಕಿಲ್ಲ."

ದುಭಾಷಿ ತಡವರಿಸಿ ಇಂಗ್ಲಿಷಿನಲ್ಲಿ ಹೇಳಿದ: ಆರು ಗಂಟೆಯವರೆಗೆ ಗೇಟು ತೆರೆಯುವುದಿಲ್ಲ, ಹಾಗಾಗಿ ಅವರ ಜನರಿಗೂ ಒಳಗೆ ಹೋಗಲಾಗುವುದಿಲ್ಲ.

ಸಂಸ್ಥೆಯ ವಕೀಲ ಪೆನ್ನು ಕೆಳಗಿಟ್ಟ. ಅವನಿಗೆ ಬೇಕಾದದ್ದೇ ಸಿಕ್ಕಿತ್ತು. ಹಾಡಿಗೆ ಯಾರೂ ಹೋಗಲಾಗದ ಹೊತ್ತನ್ನು ಅವಳೇ ಕೊಟ್ಟ ಹಾಗಾಯಿತು. ಆ ಮೂವರಲ್ಲಿ ವೈದ್ಯರಾಗಿದ್ದ ಸದಸ್ಯರು ತಲೆಯಾಡಿಸಿ ಏನೋ ಬರೆದುಕೊಂಡರು.

ನಾನು ಕೈ ಎತ್ತಿದೆ. "ಮೇಡಂ, ಅವಳು ಹೇಳಿದ್ದು ಅದಲ್ಲ. ಇನ್ನೊಮ್ಮೆ ಹೇಳಲು ಬಿಡಿ." ಆಗಲಿ ಎಂದರು. ಅವಳ ಕಡೆ ತಿರುಗಿದೆ. "ಮಗಾ, ನಿಧಾನಕ್ಕೆ. ಶಾಲೇಲಿ ಪಾಠ ಓದೋ ಹಂಗೆ ಹೇಳು."

ಅವಳು ಉಸಿರೆಳೆದುಕೊಂಡಳು. "ನಮ್ಮ ಹಾಡಿಗೆ ಎರಡು ದಾರಿ ಇವೆ. ಕಾಡಿನ ದಾರಿಗೆ ಗೇಟು ಇದೆ. ನಾವು ಆ ದಾರಿಯನ್ನು ಬಳಸುವುದಿಲ್ಲ. ಶಾಲೆಯ ಪಕ್ಕದ ದಾರಿಗೆ ಗೇಟು ಇಲ್ಲ. ಯಾವಾಗ ಬೇಕಾದರೂ ಬರಬಹುದು. ಅದನ್ನೇ ನಾನು ಆ್ಯಪಿನಲ್ಲಿ ಬರೆದಿದ್ದೇನೆ."

ಈ ಸಲ ದುಭಾಷಿಗೆ ಕಷ್ಟವಾಗಲಿಲ್ಲ. ವಿಡಿಯೋ ತೋರಿಸಿದೆವು. ಮುಖ್ಯರು ಅಧಿಕಾರಿಯನ್ನು ಕೇಳಿದರು. ಆಕೆ ಇನ್ನೂ ಚಿಕ್ಕ ವಯಸ್ಸಿನವರು, ಬೇರೆ ರಾಜ್ಯದವರು. ಮರೆಮಾಚದೆ ಹೇಳಿದರು: ವಿಳಾಸದ ಕೆಳಗೆ ಕನ್ನಡದಲ್ಲಿ ಏನೋ ಇತ್ತು, ಊರಿನ ಹೆಸರನ್ನೇ ಮತ್ತೆ ಬರೆದಿದ್ದಾರೆ ಅಂದುಕೊಂಡೆ. ಡ್ರೈವರಿಗೆ ಕನ್ನಡ ಬರುತ್ತಿತ್ತು, ಆದರೆ ಕ್ರೀಡಾಪಟುವಿನ ವಿವರ ಯಾರಿಗೂ ತೋರಿಸಬಾರದೆಂದು ನಮಗೆ ಕಟ್ಟುನಿಟ್ಟು. ಆರು ಗಂಟೆಯವರೆಗೆ ಗೇಟಿನ ಹತ್ತಿರವೇ ಕಾದೆ, ಕತ್ತಲಲ್ಲಿ ಆನೆ ಘೀಳಿಡುತ್ತಿತ್ತು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಹೇಳಿಕೊಟ್ಟ ಹಾಗೆ ಅವರು ಮಾಡಿದ್ದರು. ನನ್ನ ಸರದಿ ಬಂದಾಗ ಹೇಳಿದ್ದು ಇಷ್ಟೇ: "ಆಕೆಯದು ತಪ್ಪೆಂದು ನಾವು ಹೇಳುತ್ತಿಲ್ಲ. ಕರ್ನಾಟಕದ ಹುಡುಗಿ ಕರ್ನಾಟಕದ ವಿಳಾಸವನ್ನು ಕನ್ನಡದಲ್ಲಿ ಬರೆದಿದ್ದಾಳೆ. ಬರೆಯಬಾರದೆಂದು ನಿಯಮದಲ್ಲಿಲ್ಲ. ಓದಲು ಬಾರದಿದ್ದರೆ ಕಚೇರಿಯಲ್ಲೇ ಯಾರಿಂದಲಾದರೂ ಓದಿಸಿಕೊಂಡು ಹೊರಡಬಹುದಿತ್ತು. ಆ ಗಂಟೆಯಲ್ಲಿ ಅವಳು ಮನೆಯಲ್ಲಿದ್ದಳು."

ತೀರ್ಪು ಬರುವವರೆಗೆ ಹುಡುಗಿ ಅಭ್ಯಾಸ ಬಿಡಲಿಲ್ಲ. ನನಗೇ ಸಮಾಧಾನವಿರಲಿಲ್ಲ. ಒಂದು ರಜೆಯ ದಿನ ಅವಳನ್ನೂ ಅವ್ವನನ್ನೂ ಕರೆದುಕೊಂಡು ಚುಂಚನಕಟ್ಟೆಗೆ ಹೋದೆ. ಕಾವೇರಿ ಬಂಡೆಗಳ ಮೇಲಿಂದ ಬೀಳುವ ಸದ್ದಿಗೆ ಫೋನು ಕೇಳಿಸಲೇ ಇಲ್ಲ. ವಾಪಸು ಬರುವಾಗ ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ತೆಗೆದು ನೋಡಿದರೆ ಸಂದೇಶ ಬಂದಿತ್ತು. ಮೂರನೆಯದನ್ನು ಕೈಬಿಟ್ಟಿದ್ದರು. ಮೊದಲ ಎರಡು ಹಾಗೇ ಉಳಿಯುತ್ತವೆ, ವರ್ಷ ತುಂಬುವವರೆಗೆ ಎಚ್ಚರದಿಂದಿರಬೇಕು ಎಂದಿತ್ತು. ಅವಳಿಗೆ ಓದಿ ಹೇಳಿದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟಳು. ಅವ್ವ ಬಸ್‌ಸ್ಟ್ಯಾಂಡಿನ ಜನರೆಲ್ಲ ತಿರುಗಿ ನೋಡುವ ಹಾಗೆ, "ಬುಡವ್ವಾ, ಅತ್ಬುಡು ಒಂದ್ಸಲ" ಎಂದು ಅವಳ ಬೆನ್ನು ಸವರಿದಳು.

ಅಧ್ಯಕ್ಷರ ಫೋನು ಬಂದದ್ದು ಮಾರನೆಯ ದಿನ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಆಮೇಲೆ, "ಅವತ್ತು ನಿಮ್ಮನ್ನು ಹೊರಗೆ ಕಳಿಸಿದ್ದಕ್ಕೆ ಬೇಸರವಾಯಿತೇ?" ಎಂದರು.

"ಇಲ್ಲ ಸರ್. ನೀವು ಮಾಡಿದ್ದು ಸರಿ."

"ಸರಿಯೇ. ಆದರೆ ನನಗೆ ಬೇಸರವಾಯಿತು."

ಭಾಷೆಯ ವಿಷಯ ಮುಂದಿನ ವರ್ಷ ಪಾಸಾಯಿತು. ನನ್ನ ಕುರ್ಚಿಗೆ ಬಂದ ಈಜುಗಾರ್ತಿ ಅದನ್ನು ಎತ್ತಿದಳಂತೆ. ಕನ್ನಡದ ಆ್ಯಪು ಇನ್ನೂ ಬಂದಿಲ್ಲ, ಅಧಿಕಾರಿಗಳು ಹೊರಡುವ ಮುಂಚೆ ವಿಳಾಸವನ್ನು ಓದಿಸಿಕೊಳ್ಳುವ ಪದ್ಧತಿ ಮಾತ್ರ ಬಂದಿದೆ. ಪೇಪರಿನಲ್ಲಿ ಸಭೆಯ ಫೋಟೋ ಕಂಡಾಗ ಪುಟ ಮಗುಚದೆ ಮೊದಲು ನನ್ನ ಕುರ್ಚಿಯನ್ನೇ ಹುಡುಕುತ್ತೇನೆ. ಆ ಕೆಲಸ ನನಗೆ ಇಷ್ಟವಿತ್ತು. ಸುಳ್ಳು ಯಾಕೆ ಹೇಳಲಿ.

ಹುಡುಗಿಯ ಮೇಲಿದ್ದ ಆ ಎರಡು ತಪ್ಪುಗಳ ವರ್ಷ ತುಂಬಲು ಇನ್ನೂ ಕೆಲವು ವಾರ ಇದ್ದಾಗ, ಹುಡುಗಿಯ ತಂಗಿಯ ಮದುವೆಗೆಂದು ನಾನು ಹಾಡಿಯಲ್ಲಿದ್ದೆ. ಬೆಳಗಿನ ಜಾವ ಇಬ್ಬನಿಯಲ್ಲಿ ಜೀಪಿನ ದೀಪ ಕಾಣಿಸಿತು. ಶಾಲೆಯ ಕಡೆಯಿಂದ, ಕಂದಕ ದಾಟಿ, ಮೆಲ್ಲಗೆ ಬಂದು ಅಂಗಳದ ಮುಂದೆ ನಿಂತಿತು. ಇಳಿದದ್ದು ಅದೇ ಅಧಿಕಾರಿ. ನನ್ನನ್ನು ನೋಡಿ ಗುರುತು ಹಿಡಿದರು, ಮುಜುಗರಪಟ್ಟರು. ನಾನು ಪಕ್ಕಕ್ಕೆ ಸರಿದು ನಿಂತೆ.

ಆಕೆ ಯಾರ ಹತ್ತಿರವೋ ಕಲಿತುಕೊಂಡು ಬಂದ ಕನ್ನಡದಲ್ಲಿ ಹುಡುಗಿಯ ಹೆಸರು ಹೇಳಿ, "ಮನೆ... ಇದು?" ಎಂದು ಕೇಳಿದರು.

ಮದುವೆಯ ಚಪ್ಪರದ ಕೆಳಗೆ ಒಲೆ ಊದುತ್ತಿದ್ದ ಹುಡುಗಿ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದಳು.

"ಬನ್ನಿ ಮೇಡಂ," ಎಂದಳು. "ನಾನಿಲ್ಲೇ ಇವ್ನಿ."